ಹರಿಯಾಣದ ಕಾರು ಬೇರಿಕೆಗೆ ಬಂದಾಗ

ಉತ್ತರದಿಂದ ನಮ್ಮ ಕಡೆಗೆ ಸಂಸಾರ ಕಟ್ಟಿಕೊಂಡು ಬರುವವರಿಗೆ ಎರಡು ಹೆದ್ದಾರಿಗಳಿವೆ. 44ನೇ ಸಂಖ್ಯೆಯದು ಶ್ರೀನಗರದಿಂದ ಹೊರಟು ಆಗ್ರಾ, ಝಾನ್ಸಿ, ನಾಗಪುರ, ಹೈದರಾಬಾದು, ಕರ್ನೂಲು ಹಾಯ್ದು ಕನ್ಯಾಕುಮಾರಿ ಮುಟ್ಟುತ್ತದೆ. 48ನೆಯದು ದೆಹಲಿಯಿಂದ ಜೈಪುರ, ಅಹಮದಾಬಾದು, ಮುಂಬೈ, ಪುಣೆ, ಬೆಳಗಾವಿ, ಧಾರವಾಡ, ದಾವಣಗೆರೆಗಳನ್ನು ನೋಡಿಕೊಂಡು ಚೆನ್ನೈ ಸೇರುತ್ತದೆ. ದೇಶದ ಎರಡು ಮಗ್ಗುಲಲ್ಲಿ ಹರಿದು ಬಂದ ಇವೆರಡೂ ಬೆಂಗಳೂರಿನಲ್ಲಿ ಕೂಡಿಕೊಂಡು, ಹೊಸೂರಿನ ಮೇಲೆ ಕೃಷ್ಣಗಿರಿಯವರೆಗೆ ಒಂದೇ ರಸ್ತೆಯಾಗಿ ಓಡುತ್ತವೆ. ಹೊಸೂರಿನಲ್ಲಿ ಈ ರಸ್ತೆ ಬಿಟ್ಟು ಬಾಗಲೂರು ದಾರಿ ಹಿಡಿದರೆ ಗುಲಾಬಿ ತೋಟ, ಟೊಮೆಟೊ ಹೊಲ, ಕೋಸಿನ ಮಡಿಗಳ ನಡುವೆ ಬೇರಿಕೆ ಸಿಗುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕೊನೆಯ ಊರುಗಳಲ್ಲೊಂದು. ಊರಿನ ಬಡಗಣ ದಿಕ್ಕಿಗೆ ಸ್ವಲ್ಪ ಹೋದರೆ ಕರ್ನಾಟಕದ ಮಾಲೂರು ತಾಲೂಕು, ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನಲ್ಲಿ ನಾಡೆಲ್ಲ ಬಲ್ಲ ಮಾಸ್ತಿ.

ಈಚೆಗೆ ಈ ಊರಿಗೆ ಒಂದು ಜೋಡಿ ಹರಿಯಾಣದ ಮಾನೇಸರದಿಂದ ಕಾರಿನಲ್ಲೇ ಮನೆ ಬದಲಿಸಿಕೊಂಡು ಬಂತು. ಗಂಡ ನನ್ನ ಅಕ್ಕನ ಮಗ, ಬೇರಿಕೆಯಲ್ಲೇ ಹುಟ್ಟಿ ಬೆಳೆದವನು. ಹೆಂಡತಿ ಧಾರವಾಡದವಳು. ಇಬ್ಬರೂ ವಾಹನ ಬಿಡಿಭಾಗಗಳ ಉದ್ಯಮದವರು. ಮಾನೇಸರದಿಂದ ಹೊಸೂರಿಗೆ ಬರುವುದು ಈಗ ದೊಡ್ಡ ವಿಶೇಷವಲ್ಲ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶ 1970ರ ದಶಕದ್ದು. 1980ರಲ್ಲಿ ಟಿವಿಎಸ್ ಇಲ್ಲಿಂದ ಮೊಪೆಡ್ ಹೊರಡಿಸಿತು, ಅಶೋಕ್ ಲೇಲ್ಯಾಂಡಿನ ಲಾರಿಗಳು ಬಂದವು, ಆಮೇಲೆ ಟೈಟಾನ್ ಗಡಿಯಾರ, ಈಗ ಏಥರ್‌ನ ವಿದ್ಯುತ್ ಸ್ಕೂಟರು. ಕೃಷ್ಣಗಿರಿಯ ಆಚೆ ಪೋಚಂಪಳ್ಳಿಯಲ್ಲಿ ಓಲಾದವರ ಕಾರ್ಖಾನೆ. ಮಾನೇಸರ, ಪುಣೆಯ ಚಾಕಣ, ಗುಜರಾತಿನ ಸಾಣಂದ, ಚೆನ್ನೈ ಪಕ್ಕದ ಶ್ರೀಪೆರುಂಬುದೂರು, ನಮ್ಮ ಹೊಸೂರು – ಈ ಊರುಗಳ ನಡುವೆ ಬಿಡಿಭಾಗಗಳಷ್ಟೇ ಅಲ್ಲ, ಎಂಜಿನಿಯರುಗಳೂ ಸದಾ ಸಾಗಾಟದಲ್ಲಿರುತ್ತಾರೆ. ಅವರ ಹಿಂದೆ ಮಂಚ, ಬೀರು, ಫ್ರಿಜ್ಜುಗಳೂ.

ಇವರ ಪಯಣವನ್ನು ನೆಪವಾಗಿಟ್ಟುಕೊಂಡು ನಾನು ಹೇಳಹೊರಟಿರುವುದು ಇಷ್ಟು: ಎರಡು ಸಾವಿರ ಕಿಲೋಮೀಟರ್ ಮೀರಿದ ಆ ರಸ್ತೆಯನ್ನು ನಾಲ್ಕು ಹಗಲಿನಲ್ಲಿ ದಾಟಬಹುದು, ರಸ್ತೆ ಅಷ್ಟು ಸಲೀಸಾಗಿದೆ. ದಾಟಿ ಬಂದ ಕಾರು ಈ ಊರಿನದಾಗುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಕಾರಣ ಅಧಿಕಾರಿಗಳ ಸೋಮಾರಿತನ ಮಾತ್ರ ಎಂದುಕೊಂಡವರು ಸಂವಿಧಾನದ ಏಳನೇ ಅನುಸೂಚಿಯನ್ನು ನೋಡಿಲ್ಲ.

ಮೊದಲು ದಾರಿಯ ಜಗಳ. ಗಂಡನಿಗೆ 44, ಹೆಂಡತಿಗೆ 48 ಎಂದು ನಾವೆಲ್ಲ ಅಂದುಕೊಂಡಿದ್ದೆವು, ಯಾಕೆಂದರೆ 48ರ ಮೇಲೆ ಅವಳ ತವರು ಇದೆ. ಆದರೆ 44 ಬೇಕೆಂದು ಹಟ ಹಿಡಿದವಳು ಅವಳೇ. ಫೋನಿನಲ್ಲಿ ನನಗೆ ಹೇಳಿದ್ದು: "ಮಾಮಾ, ತವರಮನಿಗೆ ಹ್ವಾದ್ರ ಅವ್ವ ಎರಡ ದಿನ ಬಿಡಂಗಿಲ್ಲ. ಅಷ್ಟ್ರಾಗ ಲಾರಿ ಬೇರಿಕೆ ಮುಟ್ಟಿರ್ತೇತಿ. ಸಾಮಾನು ಯಾರ ಇಳಿಸ್ಕೋತಾರ?" ಮಾತು ನಿಜ. ಮನೆ ಬದಲಿಸುವವರ ದಾರಿಯನ್ನು ತೀರ್ಮಾನಿಸುವುದು ಲಾರಿ. ಜೊತೆಗೆ, ದೆಹಲಿಯಿಂದ ಬೆಂಗಳೂರಿಗೆ 44ರಲ್ಲಿ ಸುಮಾರು 2,150 ಕಿ.ಮೀ.; 48 ಅದಕ್ಕಿಂತ ಉದ್ದ, ಮೇಲಾಗಿ ಮುಂಬೈ ಸುತ್ತಿನ ದಟ್ಟಣೆ ಮತ್ತು ಖಂಡಾಲಾ ಘಾಟಿ. ತುಂಬಿದ ಕಾರಿಗೆ 44 ಮೇಲು ಎಂಬುದು ನನ್ನ ಅಭಿಪ್ರಾಯ ಕೂಡ.

ಲಾರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಹೆಚ್ಚು ಮೋಸ ಹೋಗುವುದು ಅಲ್ಲೇ. ಇಡೀ ಲಾರಿ ಹಿಡಿಯುವಷ್ಟು ಸಾಮಾನು ಎರಡು ಕೋಣೆಯ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಪಾರ್ಟ್ ಲೋಡ್: ಉದ್ದನೆಯ ಕಂಟೇನರಿನಲ್ಲಿ ನಾಲ್ಕೈದು ಮನೆಗಳ ಸಾಮಾನು ಒಟ್ಟಿಗೆ ಬರುತ್ತದೆ, ನಡುವೆ ಎಲ್ಲೋ ಗೋದಾಮಿನಲ್ಲಿ ಇಳಿದು ಮತ್ತೆ ಏರುತ್ತದೆ. ಇಂಥ ಕಂಟೇನರು ಬೇರಿಕೆಯ ಬೀದಿಗೆ ನುಗ್ಗುವಂತಿಲ್ಲ. ಹೊಸೂರಿನಲ್ಲಿ ಇಳಿಸಿ, ಈ ಕಡೆಯವರು ಕುಟ್ಟಿಯಾನೆ ಎಂದು ಕರೆಯುವ ಟಾಟಾ ಏಸ್‌ಗೆ ತುಂಬಿ ತರಬೇಕು. ಆ ಕೊನೆಯ ತುಂಡಿನ ಬಾಡಿಗೆ, ಹಮಾಲಿ ಯಾರ ಲೆಕ್ಕ ಎಂಬುದನ್ನು ಮಾತಾಡುವಾಗಲೇ ಬರೆಸಿಕೊಳ್ಳದಿದ್ದರೆ ಸಾಮಾನು ಹೊಸೂರಿನಲ್ಲಿ ಒತ್ತೆಯಾಳಾಗುತ್ತದೆ. ಇವರದೂ ಒಂದು ದಿನ ಹಾಗೆಯೇ ಆಯಿತು. ಸಾಗಣೆಯವರು ಒಪ್ಪಿದ್ದಕ್ಕಿಂತ ಹೆಚ್ಚು ಕೇಳಿದರು, ಚೌಕಾಶಿ ನಡೆಯಿತು, ಕೊನೆಗೆ ಕೊಟ್ಟು ಬಿಡಿಸಿಕೊಂಡರು.

ಕಾನೂನು ಇಲ್ಲದೆ ಇಲ್ಲ. 1865ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರಿಂದ ಜಾರಿಯಲ್ಲಿದೆ. ಸಾಮಾನು ಒಯ್ಯುವವನು ನೋಂದಾಯಿತ ಸಾಗಣೆದಾರನಾಗಿರಬೇಕು, ಸರಕು ರಸೀದಿ ಕೊಡಲೇಬೇಕು. ಸಾಮಾನು ಒಡೆದರೆ, ಕಳೆದರೆ ಅವನು ಹೊಣೆ. ಆದರೆ ಹೊಣೆಗೆ ಮಿತಿ ಇದೆ. ಸರಕಿಗೆ ಹೆಚ್ಚಿನ ಬೆಲೆ ಬರೆಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ಕೊಟ್ಟಿರದಿದ್ದರೆ ಪರಿಹಾರ ಸಾಗಣೆದರದ ಹತ್ತು ಪಟ್ಟನ್ನು ಮೀರುವುದಿಲ್ಲ. ದಾವೆ ಹೂಡುವ ಮೊದಲು ಲಿಖಿತ ನೋಟಿಸು ಕೊಡಬೇಕು, ಅದೂ ಸಾಮಾನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ. ಬಹಳ ಮಂದಿ ಆರು ತಿಂಗಳು ಫೋನಿನಲ್ಲೇ ಜಗಳ ಆಡಿ ಈ ಗಡುವನ್ನು ಕಳೆದುಕೊಳ್ಳುತ್ತಾರೆ. ಫೋನಿನ ಜಗಳ ನೋಟಿಸಲ್ಲ.

ಇನ್ನೊಂದು ಭಯ ಇ-ವೇ ಬಿಲ್ಲಿನದು. ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ಆ ಬಿಲ್ಲು ಬೇಕು ಎಂದು ಎಲ್ಲರೂ ಕೇಳಿರುತ್ತಾರೆ. ಬಳಸಿದ ಮನೆಸಾಮಾನಿಗೆ ಅದು ಬೇಡ. ನಿಯಮದ ವಿನಾಯಿತಿ ಪಟ್ಟಿಯಲ್ಲೇ ಹಾಗಿದೆ. ನಿಮ್ಮ ಹಳೇ ವಾಷಿಂಗ್ ಮೆಷಿನ್, ಹತ್ತು ವರ್ಷದ ಸೋಫಾ ನಿಶ್ಚಿಂತೆಯಿಂದ ಬರಬಹುದು. ಹೊಸ ಮನೆಗೆಂದು ಅಲ್ಲಿಯೇ ಕೊಂಡು ಪೆಟ್ಟಿಗೆ ಬಿಚ್ಚದೆ ಇಟ್ಟ ಟೀವಿ ಬಳಸಿದ ಸಾಮಾನಲ್ಲ, ಅದರ ಬಿಲ್ಲು ಜೊತೆಗಿರಲಿ. ಅಡುಗೆ ಅನಿಲದ ಸಿಲಿಂಡರು ಮಾತ್ರ ಯಾವ ಲಾರಿಯಲ್ಲೂ, ಕಾರಿನಲ್ಲೂ ಬರಕೂಡದು. ಸಿಲಿಂಡರು, ರೆಗ್ಯುಲೇಟರು ಎರಡನ್ನೂ ಹಳೆಯ ಏಜೆನ್ಸಿಗೆ ಒಪ್ಪಿಸಿ, ಠೇವಣಿ ವಾಪಸು ಪಡೆದು, ಟರ್ಮಿನೇಷನ್ ವೋಚರ್ ಎಂಬ ಚೀಟಿ ತರಬೇಕು. ಅದನ್ನು ತೋರಿಸಿದರೆ ಹೊಸ ಊರಿನ ಏಜೆನ್ಸಿಯಲ್ಲಿ ಹಳೇ ಗಿರಾಕಿಯಾಗಿಯೇ ಮುಂದುವರಿಯಬಹುದು, ಠೇವಣಿ ಮಾತ್ರ ಈಗಿನ ದರದಲ್ಲಿ ಕಟ್ಟಬೇಕು.

ಹಾಗಾದರೆ ಕಾರಿನಲ್ಲಿ ಏನು? ನಾನು ಕಂಡಂತೆ ಕಾರಿಗೆ ಹೋಗಬೇಕಾದದ್ದು ಕಾಗದ, ಬಂಗಾರ, ಔಷಧಿ, ದೇವರ ಪೆಟ್ಟಿಗೆ ಮತ್ತು ಹಾಲುಕ್ಕಿಸುವ ಪಾತ್ರೆ. ಕೊನೆಯದನ್ನು ಗಂಡ ಹೆಂಡತಿ ಇಬ್ಬರೂ ನಗುತ್ತ ಕೇಳಿಸಿಕೊಂಡರು. ಲಾರಿ ತಡವಾದರೂ ಹೊಸ ಮನೆಯಲ್ಲಿ ಹಾಲು ಉಕ್ಕುವುದು ತಪ್ಪಬಾರದು ಎಂದು ಬೇರಿಕೆಯಿಂದ ನನ್ನ ಅಕ್ಕ ಅಪ್ಪಣೆ ಮಾಡಿದ್ದಳು. ಲಾರಿ ತಡವಾಯಿತು, ಹಾಲು ತಪ್ಪಲಿಲ್ಲ. ಸೊಸೆ ತನ್ನ ಕಡೆಯಿಂದ ಸೇರಿಸಿದ್ದು ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ, ಒಂದು ತುಳಸಿ ಕುಂಡ. ಹಿಂದಿನ ಗಾಜು ಮುಚ್ಚುವಷ್ಟು ಮಾತ್ರ ತುಂಬಬಾರದು. ಭಾರ ತುಂಬಿದಾಗ ಚಕ್ರದ ಗಾಳಿ ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲಿನ ಒಳಅಂಚಿನ ಚೀಟಿಯಲ್ಲೇ ಇರುತ್ತದೆ, ಅದನ್ನು ಓದಿದವರು ಕಡಿಮೆ.

ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯ. ಖಾಸಗಿ ಕಾರುಗಳಿಗೆ 2025ರ ಆಗಸ್ಟ್ 15ರಿಂದ ವಾರ್ಷಿಕ ಪಾಸು ಬಂದಿದೆ: ಆರಂಭದ ದರದಲ್ಲಿ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಟೋಲ್ ದಾಟುವಿಕೆ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. ಇಷ್ಟು ದೂರದ ಒಂದೇ ಪಯಣದಲ್ಲಿ ಆ ಹಣದ ಬಹುಪಾಲು ಹುಟ್ಟುತ್ತದೆ. ಆದರೆ ಪಾಸು ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳ ಟೋಲುಗಳಲ್ಲಿ ಮಾತ್ರ. ದೆಹಲಿಯ ಗೊಂದಲ ತಪ್ಪಿಸಿ ಮಾನೇಸರದಿಂದ ನೇರ ಪಲ್ವಲಿಗೆ ತರುವ ಕೆಎಂಪಿ ರಸ್ತೆ ಹರಿಯಾಣ ಸರ್ಕಾರದ ಸಂಸ್ಥೆಯದು. ಯಮುನಾ ಎಕ್ಸ್‌ಪ್ರೆಸ್‌ವೇ ಉತ್ತರ ಪ್ರದೇಶದ ಪ್ರಾಧಿಕಾರದ್ದು. ಅಲ್ಲೆಲ್ಲ ಖಾತೆಯಿಂದ ಹಣ ಕತ್ತರಿಸುತ್ತದೆ. ಇದನ್ನು ತಿಳಿಯದೆ ಪಾಸು ಇದೆಯಲ್ಲ ಎಂದು ಖಾತೆ ಬರಿದಾಗಿಟ್ಟುಕೊಂಡು ಹೋಗಿ ಗೇಟಿನಲ್ಲಿ ಸಿಕ್ಕಿಬೀಳುವವರಿದ್ದಾರೆ.

ಪಯಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪ್ರವಾಸ ಕಥನ ಬೇಕಾದವರು ಅವರನ್ನೇ ಕೇಳಲಿ. ಆದರೆ ಕೆಲವನ್ನು ಬಿಡಲಾಗದು. 44ರಲ್ಲಿ ಮಾನೇಸರದಿಂದ ಬೇರಿಕೆಗೆ ಒಂಬತ್ತು ರಾಜ್ಯಗಳು ಸಿಗುತ್ತವೆ. ಉತ್ತರ ಪ್ರದೇಶ, ಮಧ್ಯಪ್ರದೇಶಗಳನ್ನಂತೂ ಎರಡೆರಡು ಸಲ ಹೊಕ್ಕು ಹೊರಡಬೇಕು, ನಡುವೆ ಧೌಲ್ಪುರದಲ್ಲಿ ರಾಜಸ್ಥಾನದ ಒಂದು ಚೂರು. ಧೌಲ್ಪುರ ದಾಟಿದರೆ ಚಂಬಲ್. ಬರ್ಮಾನದಲ್ಲಿ ನರ್ಮದೆ. ಸಿವನಿಯಿಂದ ನಾಗಪುರಕ್ಕೆ ಬರುವಾಗ ಪೇಂಚ್ ಹುಲಿ ಕಾಡು; ಅಲ್ಲಿ ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತಿ ಕೆಳಗೆ ಪ್ರಾಣಿಗಳಿಗೆ ದಾರಿ ಬಿಟ್ಟಿದ್ದಾರೆ, ಅಂಥ ಒಂದು ದಾರಿಯ ಅಗಲ 750 ಮೀಟರ್. ಹುಲಿಗಳು ಅದನ್ನು ಬಳಸುತ್ತಿರುವುದನ್ನು ಕ್ಯಾಮೆರಾಗಳು ದಾಖಲಿಸಿವೆ. ಮುಂದೆ ಪೈನ್‌ಗಂಗಾ ದಾಟಿದರೆ ತೆಲಂಗಾಣ, ನಿರ್ಮಲದ ಹತ್ತಿರ ಗೋದಾವರಿ, ಬೀಚುಪಲ್ಲಿಯಲ್ಲಿ ಕೃಷ್ಣೆ, ಕರ್ನೂಲಿನಲ್ಲಿ ತುಂಗಭದ್ರೆ. ತುಂಗಭದ್ರೆಯ ಸೇತುವೆಯ ಮೇಲೆ ಸೊಸೆ ಕಾರು ನಿಧಾನ ಮಾಡಿಸಿದಳಂತೆ. ಹಾವೇರಿ, ಗದಗ 1997ರವರೆಗೆ ಧಾರವಾಡ ಜಿಲ್ಲೆಯೇ ಆಗಿದ್ದವು; ಆ ಲೆಕ್ಕದಲ್ಲಿ ಅದು ಅವಳ ತವರಿನ ನೀರು. ಪೆನುಕೊಂಡದ ಕೋಟೆ ಕಾಣುವಾಗ, 1565ರ ಯುದ್ಧದ ನಂತರ ವಿಜಯನಗರದ ಅರಸರೂ ಹೀಗೇ ಸಂಸಾರ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದರೆಂದು ಅಳಿಯ ನೆನಪಿಸಿದನಂತೆ. ಪುಣ್ಯಕ್ಕೆ ಅವರಿಗೆ ಹಳೆಯ ಊರಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕಿರಲಿಲ್ಲ.

ಇಬ್ಬರೂ ಸರದಿಯಲ್ಲಿ ಓಡಿಸಿದರು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ವೃತ್ತಿನಿರತ ಚಾಲಕನಿಗೇ ದಿನಕ್ಕೆ ಎಂಟು ಗಂಟೆ ಸಾಕು, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಬೇಕು ಎನ್ನುತ್ತಿತ್ತು. ಮನೆ ಖಾಲಿ ಮಾಡಿದ ಆಯಾಸದಲ್ಲಿರುವ ಗಂಡ ಹೆಂಡತಿ ಹದಿನಾಲ್ಕು ಗಂಟೆ ಓಡಿಸಿದೆವು ಎಂದು ಹೆಮ್ಮೆಪಡುವುದರಲ್ಲಿ ಅರ್ಥವಿಲ್ಲ. ಇವರು ಝಾನ್ಸಿ, ನಾಗಪುರ, ಹೈದರಾಬಾದಿನಲ್ಲಿ ರಾತ್ರಿ ಮಲಗಿ ಬಂದರು. ಹೆದ್ದಾರಿಯಲ್ಲಿ ಕೆಟ್ಟು ನಿಂತರೆ, ಅಪಘಾತವಾದರೆ 1033ಕ್ಕೆ ಕರೆ ಮಾಡಬೇಕು; ಈ ಸಂಖ್ಯೆ ಟೋಲ್ ರಸೀದಿಯ ಮೇಲೆ ಇರುತ್ತದೆ, ಫಾಸ್ಟ್ಯಾಗ್ ಬಂದ ಮೇಲೆ ಆ ರಸೀದಿಯನ್ನೇ ಯಾರೂ ನೋಡುವುದಿಲ್ಲ.

ದೇವನಹಳ್ಳಿಯಲ್ಲಿ ಒಂದು ಜಾಣತನ ಸಾಧ್ಯ. ಬೇರಿಕೆಗೆ ಬರುವವರು ಬೆಂಗಳೂರಿನೊಳಗೆ ಇಳಿದು, ಸಿಲ್ಕ್ ಬೋರ್ಡ್ ಕಂಡು, ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಹತ್ತಿ, ಅತ್ತಿಬೆಲೆ ಟೋಲಿನಲ್ಲಿ ಸಾಲು ನಿಲ್ಲಬೇಕಾಗಿಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಬರುವ ಉಪನಗರ ವರ್ತುಲ ರಸ್ತೆ 2024ರಲ್ಲಿ ಉದ್ಘಾಟನೆಯಾಯಿತು. ಹೊಸಕೋಟೆಯಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ 71 ಕಿ.ಮೀ. ಭಾಗವೂ ಬೇತಮಂಗಲದವರೆಗೆ ತೆರೆದಿದೆ, ಮಾಲೂರಿನ ಹತ್ತಿರ ಇಳಿಯಬಹುದು. ಅಲ್ಲಿಂದ ಮಾಸ್ತಿ, ಮಾಸ್ತಿಯಿಂದ ಬೇರಿಕೆ. ಬೆಂಗಳೂರನ್ನು ಕಣ್ಣಿನಿಂದಲೂ ನೋಡದೆ ಮನೆ ಸೇರಬಹುದು. ಇವರು ಮಾಡಿದ್ದೂ ಅದನ್ನೇ.

ಆದರೆ ಇದರಲ್ಲೊಂದು ತೊಡಕಿದೆ. ಮಾಸ್ತಿ ಕಡೆಯ ಗಡಿಯಲ್ಲಿ ಟೋಲ್ ಇಲ್ಲ. ಅಲ್ಲಿ ರಾಜ್ಯ ಬದಲಾದದ್ದು ಗೊತ್ತಾಗುವುದು ಅಂಗಡಿಗಳ ಫಲಕದಿಂದ, ಬಸ್ಸಿನ ಬಣ್ಣದಿಂದ. ಹರಿಯಾಣದ ಕಾರು ಯಾವ ದಿನ ತಮಿಳುನಾಡಿಗೆ ಕಾಲಿಟ್ಟಿತು ಎಂಬುದಕ್ಕೆ ಎಲ್ಲೂ ಗುರುತು ಉಳಿಯಲಿಲ್ಲ. ಆ ದಿನಾಂಕಕ್ಕೆ ಬೆಲೆಯಿದೆ.

1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮು ಹೇಳುವಂತೆ ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನಕ್ಕೆ ಇನ್ನೆಲ್ಲೂ ಮತ್ತೆ ನೋಂದಣಿ ಬೇಕಿಲ್ಲ. ಬೇರೆ ರಾಜ್ಯದ ಗಾಡಿ ಎಂಬ ಕಾರಣಕ್ಕೇ ರಸ್ತೆಯಲ್ಲಿ ತಡೆದು ದಂಡ ಹಾಕುವಂತಿಲ್ಲ. ಮರುಕ್ಷಣ 47ನೇ ಕಲಮು ಬರುತ್ತದೆ: ವಾಹನವನ್ನು ಬೇರೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ಹೊಸ ಸಂಖ್ಯೆಗೆ ಅರ್ಜಿ ಹಾಕಬೇಕು. ಅದಕ್ಕೆ ಹಳೆಯ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಅದು 48ನೇ ಕಲಮು, ನಮೂನೆ 28. ಹೊಸ ಸಂಖ್ಯೆಗೆ ನಮೂನೆ 27. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇವುಗಳ ಜೊತೆಗೆ 49ನೇ ಕಲಮು: ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕು. ಹನ್ನೆರಡು ತಿಂಗಳು ಎಂದಿದೆಯಲ್ಲ, ಹನ್ನೊಂದನೇ ತಿಂಗಳು ನೋಡೋಣ ಎಂದು ಕೂರುವವರು ಈ 30 ದಿನವನ್ನು ಮರೆಯುತ್ತಾರೆ.

ಹನ್ನೆರಡು ತಿಂಗಳು ಎಣಿಸುವುದು ಯಾವತ್ತಿನಿಂದ? ಗಾಡಿ ಬಂದ ದಿನದಿಂದ. ಅತ್ತಿಬೆಲೆಯಲ್ಲಿ ದಾಟಿದ್ದರೆ ಫಾಸ್ಟ್ಯಾಗ್ ಲೆಕ್ಕದಲ್ಲಿ ಗಂಟೆ ನಿಮಿಷದ ಸಮೇತ ಇರುತ್ತಿತ್ತು. ಮಾಸ್ತಿ ದಾರಿಯಲ್ಲಿ ಬಂದವರು ಕಡೆಯ ಟೋಲಿನ ಲೆಕ್ಕ, ಲಾರಿಯ ಸರಕು ರಸೀದಿ, ಹೊಸ ಕೆಲಸಕ್ಕೆ ಸೇರಿದ ಪತ್ರ ಇವನ್ನು ಜೋಪಾನ ಮಾಡಿಕೊಳ್ಳಬೇಕು.

ಇನ್ನು ತೆರಿಗೆ. ಖಾಸಗಿ ಕಾರಿಗೆ ನೋಂದಣಿಯ ಹೊತ್ತಿನಲ್ಲೇ ಜೀವಾವಧಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ತಮಿಳುನಾಡು 2023ರ ನವೆಂಬರಿನಲ್ಲಿ ದರ ಏರಿಸಿತು: ಹೊಸ ಕಾರಿನ ಬೆಲೆ 5 ಲಕ್ಷದವರೆಗಿದ್ದರೆ ಶೇ 12, ಹತ್ತರವರೆಗೆ ಶೇ 13, ಇಪ್ಪತ್ತರವರೆಗೆ ಶೇ 18, ಅದರ ಮೇಲೆ ಶೇ 20. ಕರ್ನಾಟಕದಲ್ಲಿ ಅದೇ ಹಂತಗಳಿಗೆ ಶೇ 13, 14, 17, 18, ಮೇಲೆ ಉಪಕರ. ಹರಿಯಾಣದಲ್ಲಿ ಇದಕ್ಕಿಂತ ಸಾಕಷ್ಟು ಕಡಿಮೆ. ಹಳೇ ಕಾರಿಗೆ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ ನಿಜ. ಆದರೂ ಅಲ್ಲಿ ಹದಿನೈದು ವರ್ಷಕ್ಕೆಂದು ಒಮ್ಮೆ ಕಟ್ಟಿ ಇಲ್ಲಿ ಉಳಿದ ವರ್ಷಗಳಿಗೆ ಮತ್ತೊಮ್ಮೆ ಕಟ್ಟಬೇಕು. ಹಳೆಯ ರಾಜ್ಯದಿಂದ ಉಳಿದ ಅವಧಿಯ ಹಣ ವಾಪಸು ಕೇಳುವ ದಾರಿ ಹಲವೆಡೆ ಇದೆ, ಆದರೆ ಹೊಸ ರಾಜ್ಯದಲ್ಲಿ ಕಟ್ಟಿ ನೋಂದಣಿಯಾದ ಮೇಲೆ. ಅಂದರೆ ಮೊದಲು ಎರಡನೇ ಸಲ ಕಟ್ಟು, ಆಮೇಲೆ ಮೊದಲನೇ ಸಲದ್ದನ್ನು ಬೇಡು. ದೂರದ ಊರಿನ ಕಚೇರಿಗೆ ಅಲೆಯಲಾಗದೆ ಅನೇಕರು ಆ ಹಣವನ್ನೇ ಬಿಟ್ಟುಬಿಡುತ್ತಾರೆ.

ಯಾಕೆ ಹೀಗೆ? ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಾಹನ ತೆರಿಗೆ ರಾಜ್ಯಪಟ್ಟಿಯ 57ನೇ ಬಾಬ್ತು. ಮೋಟಾರು ವಾಹನಗಳು ಮತ್ತು ಅವುಗಳ ತೆರಿಗೆಯ ತತ್ವಗಳು ಸಮವರ್ತಿ ಪಟ್ಟಿಯ 35ನೇ ಬಾಬ್ತು. ಆದ್ದರಿಂದ ಕೇಂದ್ರ ನೋಂದಣಿಯ ನಿಯಮ ಮಾಡುತ್ತದೆ, ತತ್ವ ಹೇಳಬಹುದು. ಎಷ್ಟು ತೆರಿಗೆ ಎಂದು ಹೇಳುವವರು ರಾಜ್ಯಗಳು, ಹಣ ಸೇರುವುದೂ ಅವರ ಬೊಕ್ಕಸಕ್ಕೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸರಕಿನ ತೆರಿಗೆಗಳು ಒಂದಾದವು, ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. ವಾಹನ ತೆರಿಗೆ ಅದರಿಂದ ಹೊರಗುಳಿಯಿತು. ಹಾಗಾಗಿ ಮಾನೇಸರದಲ್ಲಿ ತಯಾರಾದ ಬಿಡಿಭಾಗ ಬೇರಿಕೆಗೆ ಬರುವಾಗ ಇಲ್ಲದ ತಕರಾರು, ಅದೇ ಬಿಡಿಭಾಗ ಹಾಕಿಕೊಂಡ ಹಳೇ ಕಾರು ಬಂದಾಗ ಏಳುತ್ತದೆ. ರಾಜ್ಯಗಳ ಪರವಾಗಿಯೂ ಒಂದು ಮಾತು ನ್ಯಾಯವಾಗಿ ಹೇಳಬೇಕು. ಜಿಎಸ್‌ಟಿ ಬಂದ ಮೇಲೆ ಅವುಗಳ ಸ್ವಂತ ಕೈಯಲ್ಲಿ ಉಳಿದಿರುವ ತೆರಿಗೆಗಳು ಬೆರಳೆಣಿಕೆಯವು: ಮದ್ಯ, ಪೆಟ್ರೋಲು, ಮುದ್ರಾಂಕ, ವಾಹನ. ಕಡಿಮೆ ತೆರಿಗೆಯ ರಾಜ್ಯದಲ್ಲಿ ಕಾರು ಕೊಂಡು ಹೆಚ್ಚಿನ ತೆರಿಗೆಯ ರಾಜ್ಯದಲ್ಲಿ ಓಡಿಸುವ ಶ್ರೀಮಂತರಿಗೂ ಕೊರತೆಯಿಲ್ಲ. ಪುದುಚೇರಿ ಸಂಖ್ಯೆಯ ದುಬಾರಿ ಕಾರುಗಳನ್ನು ಬೆಂಗಳೂರಿನಲ್ಲಿ ಕಂಡವರಿಗೆ ಇದು ಗೊತ್ತು. ಅವರನ್ನು ಹಿಡಿಯಲು ಕರ್ನಾಟಕ 2014ರಲ್ಲಿ ಕಾನೂನು ತಿದ್ದಿ, ಹೊರರಾಜ್ಯದ ವಾಹನ 30 ದಿನ ಮೀರಿ ಉಳಿದರೆ ಜೀವಾವಧಿ ತೆರಿಗೆ ಎಂದಿತು. ರಸ್ತೆಗಳಲ್ಲಿ ಹೊರರಾಜ್ಯದ ಗಾಡಿಗಳ ಬೇಟೆಯೇ ನಡೆಯಿತು. ಐಷಾರಾಮಿ ಕಾರುಗಳವರಿಗಿಂತ ಕೆಲಸಕ್ಕೆಂದು ಬಂದ ಸಾಮಾನ್ಯರೇ ಹೆಚ್ಚು ಸಿಕ್ಕಿಬಿದ್ದರು. 2016ರಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದುಮಾಡಿತು.

ಕೇಂದ್ರ ಹುಡುಕಿದ ಪರಿಹಾರ 2021ರ ಸೆಪ್ಟೆಂಬರಿನಿಂದ ಬಂದ ಬಿಎಚ್ ಸರಣಿ, ಅಂದರೆ ಭಾರತ್ ಸಂಖ್ಯೆ. ಇದರಲ್ಲಿ ರಾಜ್ಯದ ಅಕ್ಷರವಿಲ್ಲ. ಹದಿನೈದು ವರ್ಷದ ತೆರಿಗೆ ಒಮ್ಮೆಲೇ ಬೇಡ, ಎರಡು ವರ್ಷಕ್ಕೊಮ್ಮೆ ಕಟ್ಟಿದರಾಯಿತು. ದರ ಕಾರಿನ ಬೆಲೆಗೆ ತಕ್ಕಂತೆ ಶೇ 8, 10, 12. ಡೀಸೆಲಿಗೆ ಶೇ 2 ಹೆಚ್ಚು, ವಿದ್ಯುತ್ ವಾಹನಕ್ಕೆ ಶೇ 2 ಕಡಿಮೆ. ಹಳೆಯ ವಾಹನಗಳನ್ನೂ ಇದಕ್ಕೆ ಬದಲಿಸಿಕೊಳ್ಳಲು 2022ರ ಕೊನೆಯಲ್ಲಿ ಅವಕಾಶ ಕೊಟ್ಟರು. ಯೋಜನೆ ಚೆನ್ನಾಗಿದೆ, ಬಾಗಿಲು ಕಿರಿದು. ಸೈನಿಕರು, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಯವರು, ಖಾಸಗಿಯವರಾದರೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯ ನೌಕರರು ಮಾತ್ರ ಒಳಗೆ. ನಮ್ಮ ಅಳಿಯನ ಕಂಪನಿಗೆ ನಾಲ್ಕು ರಾಜ್ಯಗಳಲ್ಲಿ ಕಚೇರಿ ಇಲ್ಲ. ಅವಳದ್ದಕ್ಕೂ ಇಲ್ಲ. ಸಣ್ಣ ಕಾರ್ಖಾನೆಯವರು, ವ್ಯಾಪಾರಿಗಳು, ಹೂವಿನ ರೈತರು, ನಿವೃತ್ತರಾಗಿ ಊರಿಗೆ ಮರಳುವವರು ಯಾರೂ ಇದರಲ್ಲಿ ಬರುವುದಿಲ್ಲ. ಊರಿಂದೂರಿಗೆ ಹೋಗುವ ಕಷ್ಟ ದೊಡ್ಡ ಕಂಪನಿಯ ನೌಕರನಿಗೆ ಮಾತ್ರ ಇದೆ ಎಂದು ದೆಹಲಿಯಲ್ಲಿ ಯಾರು ತೀರ್ಮಾನಿಸಿದರೋ.

ಇವರ ಕಾರಿನ ಕಥೆ ಬ್ಯಾಂಕಿನ ಒಪ್ಪಿಗೆಯಲ್ಲಿ ಸಿಕ್ಕಿಕೊಂಡಿತು. ಸಾಲ ತೀರಿ ಎಷ್ಟೋ ಕಾಲವಾಗಿದ್ದರೂ ನೋಂದಣಿ ಪತ್ರದಿಂದ ಬ್ಯಾಂಕಿನ ಹೆಸರನ್ನು ತೆಗೆಸಿರಲಿಲ್ಲ. ಅದನ್ನು ತೆಗೆಸದೆ ನಿರಾಕ್ಷೇಪಣಾ ಪತ್ರವಿಲ್ಲ. ಅದು ಮಾನೇಸರದಲ್ಲಿದ್ದಾಗ ಅರ್ಧ ದಿನದ ಕೆಲಸ, ಬೇರಿಕೆಯಿಂದ ಮಾಡಿಸುವುದು ಬೇರೆಯೇ ಕಥೆ. ಅರ್ಜಿಯೇನೋ ಪರಿವಾಹನ್ ತಾಣದಲ್ಲಿ ಕೂತಲ್ಲೇ ಹಾಕಬಹುದು. ಕಾಗದ ಮೂಲದಲ್ಲಿ ತೋರಿಸಿ ಎಂಬ ಉತ್ತರ ಬಂದಾಗ ತೋರಿಸಲು ಅಲ್ಲಿ ಯಾರೂ ಇರುವುದಿಲ್ಲ. ಕಾನೂನು ಅರ್ಜಿದಾರನ ಪರವಾಗಿ ಒಂದು ಮಾತು ಆಡಿದೆ: ನಿರಾಕ್ಷೇಪಣಾ ಅರ್ಜಿ ಸ್ವೀಕರಿಸಿದ 30 ದಿನದೊಳಗೆ ಕಚೇರಿ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ತಿಳಿಸದಿದ್ದರೆ ಪತ್ರ ಕೊಟ್ಟಂತೆಯೇ ಭಾವಿಸಬೇಕು. ಆದರೆ ಹಾಗೆ ಭಾವಿಸಿದ ಪತ್ರವನ್ನು ಮುದ್ರಿಸಿ ಕೈಗೆ ಕೊಡುವವರು ಯಾರು? ಹೊಸ ಸಂಖ್ಯೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಫಾಸ್ಟ್ಯಾಗ್ ಹಳೇ ಸಂಖ್ಯೆಗೆ ಅಂಟಿಕೊಂಡದ್ದು, ಅದನ್ನು ಮುಚ್ಚಿ ಬೇರೆ ತೆಗೆದುಕೊಳ್ಳಬೇಕು. ವಾರ್ಷಿಕ ಪಾಸನ್ನು ಬೇರೆ ವಾಹನಕ್ಕೆ ವರ್ಗಾಯಿಸಲಾಗದು. ವಿಮೆಯವರಿಗೆ ತಿಳಿಸಬೇಕು. ಮತದಾರರ ಪಟ್ಟಿಗೆ ನಮೂನೆ 8, ಅದು ಮಾತ್ರ ಈಗ ಸಲೀಸು. ಕ್ಷೇತ್ರ ಬದಲಾದರೂ ಅದೊಂದೇ ಅರ್ಜಿ ಸಾಕು.

ಬೇರಿಕೆಯಂಥ ಊರಿನಲ್ಲಿ ನಿಂತು ನೋಡಿದರೆ ಈ ಕಾನೂನು ಇನ್ನಷ್ಟು ವಿಚಿತ್ರ. ಒಂದು ಕಾಲಕ್ಕೆ ಬಾಗಲೂರು, ಬೇರಿಕೆ, ಶೂಳಗಿರಿ ಪಾಳೆಯಗಾರರ ಊರುಗಳು. 1799ರವರೆಗೆ ಮೈಸೂರಿನ ಕೈಯಲ್ಲಿದ್ದ ಸೀಮೆ; ಆಮೇಲೆ ಮದರಾಸು ಪ್ರಾಂತದ ಸೇಲಂ ಜಿಲ್ಲೆ, 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ. ಆಡಳಿತದ ಹೆಸರು ಇಷ್ಟು ಸಲ ಬದಲಾದರೂ ಇಲ್ಲಿನವರ ಸಂಬಂಧಗಳು ಮಾಲೂರು, ಆನೇಕಲ್ಲು, ಬಂಗಾರಪೇಟೆಗಳ ಕಡೆಗೇ. ಒಂದೇ ಅಂಗಡಿಯಲ್ಲಿ ತೆಲುಗು, ಕನ್ನಡ, ತಮಿಳು ಮೂರೂ ನಡೆಯುತ್ತವೆ. ಬೇರಿಕೆಯ ಹೂವು ಬೆಳಗಿನ ಜಾವ ಬೆಂಗಳೂರಿನ ಮಾರುಕಟ್ಟೆಯಲ್ಲಿರುತ್ತದೆ. ಸಂಜೆ ಬೀದಿಯಲ್ಲಿ ನಿಂತ ಬೈಕುಗಳ ಫಲಕ ಓದಿ ನೋಡಿ: ಟಿಎನ್ 70ರ ಪಕ್ಕದಲ್ಲಿ ಕೆಎ 07, ಕೆಎ 08, ಕೆಎ 51. ಮಾವನ ಮನೆಯಿಂದ ಬಂದ ಗಾಡಿ, ಮಾಲೂರಿನಲ್ಲಿ ಹೊಲ ಇರುವವನ ಗಾಡಿ, ಬೆಂಗಳೂರಿನಲ್ಲಿ ಕೆಲಸ ಮಾಡಿ ರಾತ್ರಿ ಇಲ್ಲಿ ಮಲಗುವವನ ಗಾಡಿ. ಇವು ಯಾವ ರಾಜ್ಯದಲ್ಲಿ ಹನ್ನೆರಡು ತಿಂಗಳು ಇದ್ದವೆಂದು ಹೇಗೆ ಲೆಕ್ಕ ಹಾಕುವುದು? ಹಗಲು ಒಂದು ರಾಜ್ಯ, ರಾತ್ರಿ ಒಂದು ರಾಜ್ಯ. ಸುಮ್ಮನೆ ಬಿಟ್ಟಿದ್ದಾರೆ, ಅಷ್ಟೆ. ಸುಮ್ಮನೆ ಬಿಟ್ಟಿರುವುದು ಹಕ್ಕಲ್ಲ. ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ನಾಳೆಯೇ ಎಲ್ಲರನ್ನೂ ನಿಲ್ಲಿಸಬಹುದು.

ತಮಿಳುನಾಡು, ಕರ್ನಾಟಕ ಎರಡೂ ಸರ್ಕಾರಗಳು ಮಾಡಬಹುದಾದದ್ದು ಅಂಥ ದೊಡ್ಡದೇನಲ್ಲ. ಎರಡೂ ರಾಜ್ಯಗಳ ವಾಹನ ದಾಖಲೆ ಈಗ ವಾಹನ್ ಎಂಬ ಒಂದೇ ವ್ಯವಸ್ಥೆಯಲ್ಲಿದೆ. ಯಾರು ಎಲ್ಲಿ ಎಷ್ಟು ತೆರಿಗೆ ಕಟ್ಟಿದ್ದಾರೆಂದು ಎರಡೂ ಕಡೆಯವರಿಗೆ ಕಾಣುತ್ತದೆ. ಕಟ್ಟಿದ್ದನ್ನು ಕಳೆದು ವ್ಯತ್ಯಾಸವನ್ನಷ್ಟೇ ವಾಹನದ ಮಾಲೀಕನಿಂದ ಕೇಳಿ, ಉಳಿದದ್ದನ್ನು ರಾಜ್ಯಗಳು ತಮ್ಮೊಳಗೆ ತೀರಿಸಿಕೊಳ್ಳಲಿ. ಜಿಎಸ್‌ಟಿಯಲ್ಲಿ ರಾಜ್ಯಗಳ ನಡುವೆ ಇಂಥ ಹೊಂದಾಣಿಕೆ ನಡೆಯುತ್ತಿದೆ. ಕೇಂದ್ರ ಸಾರಿಗೆ ಸಚಿವಾಲಯ ಬಿಎಚ್ ಸರಣಿಯ ನಾಲ್ಕು ರಾಜ್ಯಗಳ ಷರತ್ತನ್ನು ಕಿತ್ತು, ಎರಡು ವರ್ಷಕ್ಕೊಮ್ಮೆ ಕಟ್ಟಲು ಒಪ್ಪುವ ಯಾರಿಗಾದರೂ ಕೊಡಲಿ. ಗಡಿಯ ತಾಲೂಕುಗಳಾದ ಹೊಸೂರು, ಶೂಳಗಿರಿ, ಮಾಲೂರು, ಆನೇಕಲ್ಲುಗಳಿಂದ ಶುರುಮಾಡಿದರೂ ಸಾಕು.

ಅಲ್ಲಿಯವರೆಗೆ ಈ ಕಡೆಗೆ ಮನೆ ಬದಲಿಸುವವರಲ್ಲಿ ನನ್ನ ವಿನಂತಿ: ಲಾರಿ ಗೊತ್ತುಮಾಡುವ ಮೊದಲೇ ನೋಂದಣಿ ಪತ್ರ ತೆಗೆದು ನೋಡಿ, ಸಾಲ ತೀರಿದ್ದರೆ ಬ್ಯಾಂಕಿನ ಹೆಸರು ತೆಗೆಸಿ, ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿ, ಅದು ಕೈಗೆ ಬಂದ ಮೇಲೆ ಹಳೇ ಮನೆಯ ಬೀಗದ ಕೈ ಒಪ್ಪಿಸಿ.